ಬೆಂಕಿಯಲ್ಲಿ ಸಿಡಿಯುವ ಕಾಂಕ್ರೀಟು, ಕರಗಿ ಕಾಯುವ ನಾರು

ಮಾಮೂಲಿ ಕಾಂಕ್ರೀಟು ಬೆಂಕಿಗೆ ಸುಲಭವಾಗಿ ಸೋಲುವುದಿಲ್ಲ. ಅದು ಉರಿಯುವುದಿಲ್ಲ, ಶಾಖವನ್ನು ಒಳಕ್ಕೆ ಬಿಟ್ಟುಕೊಳ್ಳುವುದೂ ನಿಧಾನ. ಅದಕ್ಕಿಂತ ಎರಡು ಮೂರು ಪಟ್ಟು ಗಟ್ಟಿಯಾದ ಅಧಿಕ ಸಾಮರ್ಥ್ಯದ ಕಾಂಕ್ರೀಟು ಮಾತ್ರ ಅದೇ ಬೆಂಕಿಯಲ್ಲಿ ಪಟಾಕಿಯಂತೆ ಸಿಡಿದು ಚಕ್ಕೆಚಕ್ಕೆಯಾಗಿ ಉದುರಬಹುದು. ಅದರ ಬಲವೇ ಇಲ್ಲಿ ಅದಕ್ಕೆ ಮುಳುವು.

1996ರ ನವೆಂಬರ್ 18ರಂದು ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಚಾನೆಲ್ ಸುರಂಗದಲ್ಲಿ ಲಾರಿಗಳನ್ನು ಹೊತ್ತಿದ್ದ ರೈಲಿಗೆ ಬೆಂಕಿ ಬಿತ್ತು. ಯಾರೂ ಸಾಯಲಿಲ್ಲ. ಆದರೆ ಬೆಂಕಿ ಆರಿದ ಮೇಲೆ ನೋಡಿದರೆ, ಸುರಂಗದ ಒಳಗೋಡೆಯ ಗಟ್ಟಿ ಕಾಂಕ್ರೀಟು ಪದರಪದರವಾಗಿ ಸಿಡಿದುಹೋಗಿತ್ತು. ಸುಮಾರು 40 ಸೆಂ.ಮೀ. ದಪ್ಪದ ಗೋಡೆಯಲ್ಲಿ ಕೆಲವೆಡೆ ಉಳಿದದ್ದು ಬರೀ ಕೆಲವು ಸೆಂ.ಮೀ. ಸುತ್ತಲಿನ ಸುಣ್ಣದ ಬಂಡೆ ಗಟ್ಟಿಯಾಗಿ ನಿಂತದ್ದರಿಂದ ಸಮುದ್ರ ಒಳನುಗ್ಗಲಿಲ್ಲ. ಇಂಥ ಸಿಡಿತವನ್ನು ತಡೆಯುವ ನಾರು ಆ ಕಾಂಕ್ರೀಟಿನಲ್ಲಿ ಇರಲಿಲ್ಲ.

ಸಿಡಿತಕ್ಕೆ ಕಾರಣ ಒಳಗೆ ಸಿಕ್ಕಿಕೊಂಡ ನೀರು. ಬಲ ಹೆಚ್ಚಲೆಂದು ಈ ಕಾಂಕ್ರೀಟಿಗೆ ನೀರು ಕಡಿಮೆ ಹಾಕಿ, ಸಿಮೆಂಟಿಗಿಂತಲೂ ಎಷ್ಟೋ ನುಣ್ಣನೆಯ ಸಿಲಿಕಾ ಫ್ಯೂಮ್ ಪುಡಿ ಬೆರೆಸುತ್ತಾರೆ. ಅದು ಸಣ್ಣಪುಟ್ಟ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತದೆ. ಶಾಖ 100 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಹುಟ್ಟುವ ಆವಿಗೆ ಹೊರಹೋಗಲು ದಾರಿಯೇ ಇರುವುದಿಲ್ಲ. ಒಂದಷ್ಟು ಆವಿ ಒಳಗಿನ ತಣ್ಣಗಿನ ಭಾಗಕ್ಕೆ ಸರಿದು, ಅಲ್ಲಿ ಮತ್ತೆ ನೀರಾಗಿ, ಹಿಂದಿನಿಂದ ಬರುವ ಆವಿಯನ್ನೂ ಅಡ್ಡಗಟ್ಟುತ್ತದೆ. ಕುಲುಮೆಯ ಪರೀಕ್ಷೆಗಳಲ್ಲಿ ಒಂದು ಮಗ್ಗುಲು ಕೆಂಡದಂತೆ ಕಾದಿರುವಾಗ ಇನ್ನೊಂದು ಮಗ್ಗುಲಿನಲ್ಲಿ ನೀರು ಜಿನುಗುವುದು ಕಾಣುತ್ತದೆ. ಜೊತೆಗೆ ಬಿಸಿಯಾದ ಹೊರಪದರ ಹಿಗ್ಗಲು ಹೋಗುತ್ತದೆ, ತಣ್ಣಗಿನ ಒಳಭಾಗ ಬಿಡುವುದಿಲ್ಲ. ಆವಿಯ ಒತ್ತಡ ಮತ್ತು ಈ ಎಳೆದಾಟ ಎರಡೂ ಸೇರಿದಾಗ ಮೇಲ್ಪದರ ಸಿಡಿಯುತ್ತದೆ. ಅದು ಹೋದರೆ ಮುಂದಿನ ಪದರ ಬೆಂಕಿಗೆ ನೇರ ಮೈಯೊಡ್ಡುತ್ತದೆ, ಕೊನೆಗೆ ಒಳಗಿನ ಕಬ್ಬಿಣದ ಸರಳೇ ಬಯಲಾಗುತ್ತದೆ.

ಇದಕ್ಕೆ ಸಿಕ್ಕಿದ ಮದ್ದು ಪಾಲಿಪ್ರೊಪಿಲೀನ್ ನಾರು. ಬೆಂಕಿಗೆ ನಿಲ್ಲಬೇಕಾದ ವಸ್ತುವಿಗೆ ಬೆಂಕಿಯಲ್ಲಿ ಕರಗುವ ಪ್ಲಾಸ್ಟಿಕ್ ಬೆರೆಸುವುದು ವಿಚಿತ್ರವೆನಿಸಬಹುದು, ಆದರೆ ಕರಗುವುದೇ ಅದರ ಕೆಲಸ. ಸುಮಾರು 165 ಡಿಗ್ರಿಯಲ್ಲಿ ಎಳೆ ಕರಗಿ, ಅದಿದ್ದ ಜಾಗ ಸಪೂರ ಕೊಳವೆಯಾಗುತ್ತದೆ. ಕರಗುವ ಮುನ್ನ ಎಳೆ ಹಿಗ್ಗಿದಾಗ ಬಿದ್ದ ಸೂಕ್ಷ್ಮ ಬಿರುಕುಗಳು ಈ ಕೊಳವೆಗಳನ್ನು ಒಂದಕ್ಕೊಂದು ಕೂಡಿಸುತ್ತವೆ. ಕುಕ್ಕರಿನ ಸೀಟಿಯಲ್ಲಿ ಹೋದಂತೆ ಆವಿ ಅಲ್ಲಿಂದ ಹೊರಬೀಳುತ್ತದೆ. ಅತಿ ಹೆಚ್ಚು ಸಾಮರ್ಥ್ಯದ ಕಾಂಕ್ರೀಟಿಗೆ ಯೂರೋಪಿನ ಸಂಹಿತೆ ಸೂಚಿಸುವ ಮಾರ್ಗಗಳಲ್ಲಿ ಒಂದೆಂದರೆ ಘನಮೀಟರಿಗೆ 2 ಕೆ.ಜಿ.ಗಿಂತ ಹೆಚ್ಚು ನಾರು. ಕೇಳಲು ಅಲ್ಪವೆನಿಸಿದರೂ 18 ಮೈಕ್ರಾನ್ ದಪ್ಪ, 12 ಮಿ.ಮೀ. ಉದ್ದದ ಎಳೆಗಳಾದರೆ ಅಷ್ಟರಲ್ಲಿ 70 ಕೋಟಿಗೂ ಹೆಚ್ಚು ಎಳೆಗಳಿರುತ್ತವೆ. ನಾರು ಹೆಚ್ಚಾದಷ್ಟೂ ಹಸಿ ಕಾಂಕ್ರೀಟು ಬಿಗುವಾಗಿ, ಅಚ್ಚಿಗೆ ಸುರಿಯುವುದು ಕಷ್ಟವಾಗುತ್ತದೆ ಎಂಬುದೂ ನಿಜ.

ಉಕ್ಕಿನ ನಾರಿನ ಕೆಲಸ ಬೇರೆ. ಅದು ಬಿರುಕಿನ ಎರಡೂ ದಡಗಳನ್ನು ಹಿಡಿದು, ಬಿಸಿಯಲ್ಲೂ ಬಾಗುವ ಬಲವನ್ನು ಒಂದು ಮಟ್ಟಿಗೆ ಉಳಿಸುತ್ತದೆ. ಆದರೆ ಆವಿಗೆ ದಾರಿ ಮಾಡಿಕೊಡಲಾರದು, ಅದೊಂದನ್ನೇ ನಂಬಿದರೆ ಸಿಡಿತ ತಪ್ಪೀತೆಂಬ ಭರವಸೆಯಿಲ್ಲ. ಎರಡೂ ಗುಣ ಬೇಕಾದಲ್ಲಿ ಎರಡು ನಾರನ್ನೂ ಬೆರೆಸಬಹುದು.

ಸಿಡಿತ ತಪ್ಪಿದರೂ ಶಾಖದ ಹಾವಳಿ ತಪ್ಪುವುದಿಲ್ಲ. 400 ಡಿಗ್ರಿ ದಾಟಿದಂತೆ ಸಿಮೆಂಟಿನೊಳಗಿನ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಒಡೆದು ಸುಟ್ಟ ಸುಣ್ಣವಾಗುತ್ತದೆ. 573 ಡಿಗ್ರಿಯಲ್ಲಿ ಜಲ್ಲಿ, ಮರಳಿನಲ್ಲಿರುವ ಬೆಣಚುಕಲ್ಲು ರೂಪ ಬದಲಿಸಿ ಹಿಗ್ಗುತ್ತದೆ. ಇವುಗಳ ಪೆಟ್ಟನ್ನು ಯಾವ ನಾರೂ ಪೂರ್ತಿ ತಡೆಯಲಾರದು.

ಬೆಂಕಿ ಆರಿದ ನಂತರವೂ ಬಲ ಕುಸಿಯುತ್ತಿರಬಹುದು. ಒಳಗಿನ ಸುಟ್ಟ ಸುಣ್ಣ ಗಾಳಿಯ ತೇವವನ್ನೋ ಅಗ್ನಿಶಾಮಕರು ಹಾಯಿಸಿದ ನೀರನ್ನೋ ಹೀರಿ, ಸುಣ್ಣದ ತೊಟ್ಟಿಯಲ್ಲಿ ಅರಳುವಂತೆಯೇ ಅರಳಿ, ಹೊಸ ಬಿರುಕು ಬಿಡಿಸುತ್ತದೆ. ಶಾಖ ಎಷ್ಟು ಆಳಕ್ಕೆ ತಟ್ಟಿದೆ ಎಂದು ತಿಳಿಯಲು ಪರಿಶೀಲನೆಗೆ ಬರುವ ಎಂಜಿನಿಯರು ಕಾಂಕ್ರೀಟನ್ನು ಕೊರೆದು ತೆಗೆದ ತುಂಡಿನ ಬಣ್ಣವನ್ನೂ ನೋಡುತ್ತಾರೆ. ಕಬ್ಬಿಣದ ಅಂಶವಿರುವ ಜಲ್ಲಿ ಸುಮಾರು 300 ಡಿಗ್ರಿ ದಾಟಿದಾಗ ನಸುಗೆಂಪಾಗುತ್ತದೆ. ಆ ಕೆಂಪು ಎಷ್ಟು ಆಳಕ್ಕಿದೆಯೋ, ಕನಿಷ್ಠ ಅಷ್ಟು ಕಾಂಕ್ರೀಟನ್ನು ಅನುಮಾನದಿಂದ ನೋಡಬೇಕಾಗುತ್ತದೆ.