ಕೆಲಸದ ನಡುವೆ ಸಂಶೋಧನೆಯ ಓದು: ಐದು ತಪ್ಪು ಕಲ್ಪನೆಗಳು

ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ನರ್ಸ್‌ಗಳು, ಆಶಾ ಕಾರ್ಯಕರ್ತೆಯರು, ಶಿಕ್ಷಕರು, ಸ್ವಯಂಸೇವಾ ಸಂಸ್ಥೆಗಳ ಸಿಬ್ಬಂದಿ ಊರಿನ ಕಷ್ಟಸುಖವನ್ನು ಎಲ್ಲರಿಗಿಂತ ಹತ್ತಿರದಿಂದ ಬಲ್ಲವರು. ಹೀಗೇಕೆ ಆಗುತ್ತಿದೆ ಎಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಏಳುತ್ತಲೇ ಇರುತ್ತದೆ. ಆದರೂ ಸಂಶೋಧನಾ ವಿಧಾನದ ಓದು ಎಂದರೆ ಹಿಂಜರಿಕೆ. ಅದರ ಹಿಂದಿರುವ ಕೆಲವು ತಪ್ಪು ಕಲ್ಪನೆಗಳು ಇಲ್ಲಿವೆ.

1. ತಪ್ಪು ಕಲ್ಪನೆ: ಸಂಶೋಧನೆ ಕಲಿಯಲು ಕೆಲಸ ಬಿಡಬೇಕು.

ವಾಸ್ತವ: ಬೇಕಿಲ್ಲ. 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಮೈಸೂರಿನಲ್ಲೇ ಇದೆ, ಇಗ್ನೋ ಇದೆ. ಕೇಂದ್ರ ಸರ್ಕಾರದ ‘ಸ್ವಯಂ’ ತಾಣದಲ್ಲಿ ಸಂಶೋಧನಾ ವಿಧಾನದ ಪಾಠಗಳನ್ನು ಹಣ ಕೊಡದೆ ಕೇಳಬಹುದು; ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಯುಜಿಸಿಯ 2022ರ ನಿಯಮಾವಳಿಯಂತೆ, ಕೆಲಸ ಕೊಟ್ಟವರ ನಿರಾಕ್ಷೇಪಣಾ ಪತ್ರ ಪಡೆದು ಅರೆಕಾಲಿಕ ಪಿಎಚ್‌ಡಿಯನ್ನೂ ಮಾಡಬಹುದು. ಆದರೆ ದೂರಶಿಕ್ಷಣ ಅಥವಾ ಆನ್‌ಲೈನ್‌ನಲ್ಲಿ ಪಿಎಚ್‌ಡಿ ನಡೆಸಲು ಅದೇ ನಿಯಮಾವಳಿ ಅವಕಾಶ ಕೊಡುವುದಿಲ್ಲ. ಮನೆಯಲ್ಲೇ ಕುಳಿತು ಪಿಎಚ್‌ಡಿ ಎನ್ನುವ ಜಾಹೀರಾತು ನಂಬಿ ದುಡ್ಡು ಕಳೆದುಕೊಳ್ಳಬೇಡಿ.

2. ತಪ್ಪು ಕಲ್ಪನೆ: ದಿನನಿತ್ಯ ತುಂಬುವ ರಿಜಿಸ್ಟರ್‌ಗೂ ಸಂಶೋಧನೆಗೂ ಸಂಬಂಧವಿಲ್ಲ.

ವಾಸ್ತವ: ಮೈಸೂರಿನ ಮಿಷನ್ ಆಸ್ಪತ್ರೆ, ಅಂದರೆ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ದಶಕಗಳ ನಂತರ ಸಂಶೋಧಕರು ಆ ಮಕ್ಕಳನ್ನು ನಡುವಯಸ್ಸಿನಲ್ಲಿ ಹುಡುಕಿ ತಪಾಸಣೆ ಮಾಡಿದರು. ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದ್ರೋಗ ಹೆಚ್ಚು ಎಂಬ ಫಲಿತಾಂಶ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೆರಿಗೆ ಕೋಣೆಯಲ್ಲಿ ಅಚ್ಚುಕಟ್ಟಾಗಿ ಬರೆದ ಅಂಕಿಗಳು ಇಲ್ಲದಿದ್ದರೆ ಈ ಅಧ್ಯಯನವೇ ಇರುತ್ತಿರಲಿಲ್ಲ.

3. ತಪ್ಪು ಕಲ್ಪನೆ: ಲೆಕ್ಕ ಬಾರದವರಿಗೆ ಇದು ಹೇಳಿದ್ದಲ್ಲ.

ವಾಸ್ತವ: ಎಷ್ಟು ಜನ ಎಂದು ತಿಳಿಯಲು ಲೆಕ್ಕ ಬೇಕು, ಏಕೆ, ಹೇಗೆ ಎಂದು ತಿಳಿಯಲು ಕೂತು ಮಾತು ಕೇಳಬೇಕು. ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ, ಜನರ ನಡುವೆ ಬದುಕುತ್ತಲೇ ಟಿಪ್ಪಣಿ ಮಾಡಿಕೊಂಡರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬಿದ್ದ ಬೆಂಕಿಗೆ, ಅವರು ವಿಂಗಡಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳು ಸುಟ್ಟುಹೋದವು. ಬಹುಪಾಲು ನೆನಪಿನಿಂದಲೇ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂದು ಸಮಾಜಶಾಸ್ತ್ರದ ಪ್ರಮುಖ ಕೃತಿಯಾಯಿತು. ಟಿಪ್ಪಣಿಯ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡಬೇಕೆಂಬ ಪಾಠವೂ ಇದರಲ್ಲಿದೆ.

4. ತಪ್ಪು ಕಲ್ಪನೆ: ಹೆಚ್ಚು ಜನರನ್ನು ಕೇಳಿದರೆ ಉತ್ತರ ಸರಿಯಾಗಿ ಸಿಗುತ್ತದೆ.

ವಾಸ್ತವ: ಎಷ್ಟು ಜನರನ್ನು ಕೇಳಿದಿರಿ ಎನ್ನುವುದಕ್ಕಿಂತ ಯಾರನ್ನು, ಯಾವಾಗ ಕೇಳಿದಿರಿ ಎನ್ನುವುದು ಮುಖ್ಯ. ನಮ್ಮ ಕಡೆಯ ಹೊಗೆಸೊಪ್ಪನ್ನೇ ನೋಡಿ. ಒದ್ದೆ ಎಲೆ ಮುರಿಯುವಾಗ ನಿಕೋಟಿನ್ ಚರ್ಮದ ಮೂಲಕ ಮೈಸೇರಿ ತಲೆಸುತ್ತು, ವಾಂತಿ, ತಲೆನೋವು ಬರುತ್ತದೆ. ಇದು ಎಷ್ಟು ಮಂದಿಗೆ ಬರುತ್ತದೆಂದು ತಿಳಿಯಲು ಆಸ್ಪತ್ರೆಗೆ ಬಂದವರನ್ನೇ ಕೇಳಿದರೆ, ಸ್ವಲ್ಪ ಹೊತ್ತು ನೆರಳಿನಲ್ಲಿ ಕೂತು ಮತ್ತೆ ಹೊಲಕ್ಕಿಳಿದ ಕೂಲಿ ಹೆಣ್ಣುಮಕ್ಕಳು ಲೆಕ್ಕಕ್ಕೇ ಸಿಗುವುದಿಲ್ಲ. ಹೊಗೆಸೊಪ್ಪು ಹದಮಾಡುವ ಬ್ಯಾರನ್ ಇರುವ ರೈತರ ಪಟ್ಟಿ ಹಿಡಿದರೆ ಆದಿವಾಸಿ ಹಾಡಿಯಿಂದ ಕೂಲಿಗೆ ಬರುವವರು ಬಿಟ್ಟುಹೋಗುತ್ತಾರೆ. ಬೇಸಿಗೆಯಲ್ಲಿ ಕೇಳಿದರೆ, ಮಳೆಗಾಲದಲ್ಲಿ ಎಲೆ ಮುರಿದಾಗ ಆದದ್ದು ಅರ್ಧ ಮರೆತಿರುತ್ತದೆ. ಕೂಲಿಯವರನ್ನೂ ಸೇರಿಸಿದ ಪಟ್ಟಿಯಿಂದ ಚೀಟಿ ಎತ್ತಿ ಆರಿಸಿದ ನೂರು ಜನರನ್ನು ಸುಗ್ಗಿಯಲ್ಲೇ ಮಾತಾಡಿಸಿದರೆ, ಸಿಕ್ಕಸಿಕ್ಕ ಸಾವಿರ ಜನರನ್ನು ಕೇಳಿದ್ದಕ್ಕಿಂತ ನಂಬಬಹುದಾದ ಉತ್ತರ ಸಿಗುತ್ತದೆ.

5. ತಪ್ಪು ಕಲ್ಪನೆ: ನಮ್ಮೂರ ಜನವೇ ತಾನೆ, ಒಪ್ಪಿಗೆಯ ಸಹಿ ಏಕೆ?

ವಾಸ್ತವ: ಗುರುತಿನವರಾದ್ದರಿಂದಲೇ ಹೆಚ್ಚು ಎಚ್ಚರ ಬೇಕು. ಮಗುವಿಗೆ ಲಸಿಕೆ ಹಾಕುವ ಸಿಸ್ಟರ್ ಪ್ರಶ್ನೆ ಕೇಳಿದರೆ ‘ಆಗಲ್ಲ’ ಎನ್ನಲು ತಾಯಿಗೆ ಬಾಯಿ ಬರುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯಂತೆ ಜನರ ಮೇಲಿನ ಆರೋಗ್ಯ ಅಧ್ಯಯನವನ್ನು ಮೊದಲು ನೈತಿಕ ಸಮಿತಿಯ ಮುಂದಿಡಬೇಕು. ಉತ್ತರ ಕೊಡದಿದ್ದರೂ ಚಿಕಿತ್ಸೆಗೆ ತೊಂದರೆಯಿಲ್ಲ, ನಡುವೆ ಬೇಡವೆನಿಸಿದರೆ ನಿಲ್ಲಿಸಬಹುದು ಎಂದು ಬಿಡಿಸಿ ಹೇಳಬೇಕು. ಕೆಲಸಕ್ಕೆಂದು ಕೈಗೆ ಬಂದ ರಿಜಿಸ್ಟರ್‌ನ ಹೆಸರುಗಳನ್ನು ಅನುಮತಿಯಿಲ್ಲದೆ ಅಧ್ಯಯನಕ್ಕೆ ಬಳಸುವುದೂ ತಪ್ಪು.

ಜನರ ಹತ್ತಿರ ಇರುವುದು ದೊಡ್ಡ ಬಲ. ಆದರೆ ಹತ್ತಿರದಿಂದ ಕಂಡದ್ದೆಲ್ಲ ಪೂರ್ತಿ ಸತ್ಯವಲ್ಲ. ಕಾಣದೆ ಉಳಿದದ್ದನ್ನು ಹುಡುಕಲು ವಿಧಾನ ಕಲಿಯಬೇಕು. ಮೊದಲು ನಿಮ್ಮ ಕೆಲಸದಲ್ಲಿ ಎದ್ದ ಒಂದೇ ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆಯಿರಿ. ಯಾರ ಬಗ್ಗೆ, ಎಲ್ಲಿ, ಯಾವ ಕಾಲದಲ್ಲಿ ಎನ್ನುವುದು ಅದರಲ್ಲಿರಲಿ. ಆ ಸಾಲನ್ನು ಮುಂದಿಟ್ಟುಕೊಂಡು ಓದಲು ಕುಳಿತರೆ ಪ್ರತಿ ಪಾಠವೂ ನಿಮ್ಮ ಊರಿನ ಕೆಲಸಕ್ಕೇ ಒದಗುತ್ತದೆ.