ನೈಟ್ರಸ್ ಸಿಲಿಂಡರ್ ಹಾಕಿಸಿದರೆ ಕಾರು ರಾಕೆಟ್ ಆಗುತ್ತದೆಯೇ? ಮೈಲೇಜ್ ಹೆಚ್ಚುತ್ತದೆಯೇ?

ಸಾರಾಂಶ

ನೈಟ್ರಸ್ ಆಕ್ಸೈಡ್ ಕೆಲವು ಸೆಕೆಂಡುಗಳ ಕಾಲ ಎಂಜಿನ್ ಶಕ್ತಿ ಹೆಚ್ಚಿಸುತ್ತದೆ ಎನ್ನುವುದು ನಿಜ. ಆದರೆ ಅದು ಇಂಧನವಲ್ಲ, ಅದರಿಂದ ಮೈಲೇಜ್ ಹೆಚ್ಚುವುದಿಲ್ಲ. ಮನೆಯ ಕಾರಿಗೆ ಹಾಕಿಸಿ ರಸ್ತೆಗೆ ಇಳಿಸಿದರೆ ಎಂಜಿನ್ನಿಗೂ ಜೀವಕ್ಕೂ ಅಪಾಯ, ಜೊತೆಗೆ ಕಾನೂನಿನ ತೊಡಕು.

ಹೇಳಿಕೆ

ನೀಲಿ ಬಾಟಲಿ, ಕೆಂಪು ಬಟನ್, ಒತ್ತಿದ ಕೂಡಲೇ ಚಿಮ್ಮುವ ಕಾರು. 2001ರಲ್ಲಿ ಬಂದ ‘ದ ಫಾಸ್ಟ್ ಅಂಡ್ ದ ಫ್ಯೂರಿಯಸ್’ ಸಿನಿಮಾದಿಂದ ಜನಪ್ರಿಯವಾದ ಈ ದೃಶ್ಯ ಇಂದು ರೀಲ್ಸ್‌ಗಳಲ್ಲಿ ಓಡಾಡುತ್ತಿದೆ. ‘ನೈಟ್ರಸ್ ಹಾಕಿಸಿ, ಹಳೇ ಕಾರೂ ಹಾರುತ್ತದೆ, ಪೆಟ್ರೋಲೂ ಉಳಿಯುತ್ತದೆ’ ಎನ್ನುವ ಮಾತೂ ಅದರ ಜೊತೆ ಸೇರಿಕೊಂಡಿದೆ. ಇದರಲ್ಲಿ ಎಷ್ಟು ನಿಜ ಎಂದು ನಾವು ನೋಡೋಣ.

ನೈಟ್ರಸ್ ಅಂದರೆ ಏನು?

ಎರಡು ನೈಟ್ರೋಜನ್ ಮತ್ತು ಒಂದು ಆಕ್ಸಿಜನ್ ಪರಮಾಣು ಸೇರಿದ ಅನಿಲ ಇದು. ಆಪರೇಷನ್ ಥಿಯೇಟರ್‌ಗಳಲ್ಲಿ ಅರಿವಳಿಕೆಗೆ ಬಳಸುವ ‘ನಗೆ ಅನಿಲ’ವೂ ಇದೇ. 1772ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಇದನ್ನು ಮೊದಲು ತಯಾರಿಸಿದರು. ಎರಡನೇ ಮಹಾಯುದ್ಧದಲ್ಲಿ, ಗಾಳಿ ತೆಳುವಾಗಿರುವ ಎತ್ತರದಲ್ಲಿ ಎಂಜಿನ್ ಸೊರಗಬಾರದೆಂದು ಜರ್ಮನಿ ತನ್ನ ಕೆಲವು ಯುದ್ಧವಿಮಾನಗಳಲ್ಲಿ ಇದನ್ನು ಬಳಸಿತ್ತು. ಟೈರಿಗೆ ತುಂಬಿಸುವ ನೈಟ್ರೋಜನ್ನೇ ಬೇರೆ, ಇದೇ ಬೇರೆ.

ಇದು ಪೆಟ್ರೋಲಿನಂತೆ ಉರಿಯುವ ವಸ್ತುವಲ್ಲ, ಉರಿಯಲು ನೆರವಾಗುವ ವಸ್ತು. ಒಲೆಯ ಊದುಗೊಳವೆ ನೆನಪಿಸಿಕೊಳ್ಳಿ. ಊದಿದರೆ ಬೆಂಕಿ ಭಗ್ಗೆನ್ನುತ್ತದೆ, ಆದರೆ ಊದುಗೊಳವೆ ಸೌದೆಯಲ್ಲ. ಗಾಳಿಯ ತೂಕದಲ್ಲಿ ಆಕ್ಸಿಜನ್ ಸುಮಾರು ಶೇ. 23, ನೈಟ್ರಸ್‌ನಲ್ಲಿ ಸುಮಾರು ಶೇ. 36. ಎಂಜಿನ್ನಿನ ಬಿಸಿಗೆ ನೈಟ್ರಸ್ ಒಡೆದು ಈ ಆಕ್ಸಿಜನ್ ಬಿಡುಗಡೆಯಾಗುತ್ತದೆ. ದ್ರವರೂಪದ ನೈಟ್ರಸ್ ಆವಿಯಾಗುವಾಗ ಒಳಬರುವ ಗಾಳಿಯೂ ತಣ್ಣಗಾಗಿ ಸಾಂದ್ರವಾಗುತ್ತದೆ. ಆಗ ಅದೇ ಎಂಜಿನ್ ಹೆಚ್ಚು ಪೆಟ್ರೋಲ್ ಸುಡಬಲ್ಲದು.

ಹಾಗಾದರೆ ಮೈಲೇಜ್?

ಹೆಚ್ಚು ಸುಟ್ಟರೆ ಹೆಚ್ಚು ಖರ್ಚು. ರಾಸಾಯನಿಕ ಲೆಕ್ಕದ ಪ್ರಕಾರ 1 ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಸಾಕು. ನೈಟ್ರಸ್ ಆದರೆ ಸುಮಾರು 9.6 ಕೆ.ಜಿ. ಬೇಕು. ಅಂದರೆ 4.5 ಕೆ.ಜಿ.ಯ ಒಂದು ಬಾಟಲಿ ಹೆಚ್ಚುವರಿಯಾಗಿ ಸುಡಲು ನೆರವಾಗುವುದು ಅರ್ಧ ಕೆ.ಜಿ.ಯಷ್ಟು ಪೆಟ್ರೋಲ್ ಮಾತ್ರ, ಮುಕ್ಕಾಲು ಲೀಟರಿಗೂ ಕಡಿಮೆ. ಅದೂ ಬಟನ್ ಒತ್ತಿದ ಕೆಲವು ಸೆಕೆಂಡುಗಳ ಕಂತಿನಲ್ಲಿ ಮುಗಿದುಹೋಗುತ್ತದೆ. ಉಳಿತಾಯದ ಮಾತೇ ಇಲ್ಲ.

ಕಬ್ಬಿನ ಎಥನಾಲ್ ಕೂಡ ಹೀಗೆಯೇ?

ಜಮಖಂಡಿ, ಮುಧೋಳ, ಬೀಳಗಿ ಕಡೆಯ ಓದುಗರಿಗೆ ಈ ಪ್ರಶ್ನೆ ಸಹಜ. ಎಥನಾಲ್ ಅಣುವಿನಲ್ಲೂ ಆಕ್ಸಿಜನ್ ಇದೆ, ಅದೂ ಆವಿಯಾಗುವಾಗ ಗಾಳಿಯನ್ನು ತಂಪಾಗಿಸುತ್ತದೆ. ಆದರೆ ಎಥನಾಲ್ ತಾನೇ ಉರಿಯುವ ಇಂಧನ. ಇ20 ಎಂದರೆ ಪೆಟ್ರೋಲಿನಲ್ಲಿ ಶೇ. 20 ಎಥನಾಲ್, ಅಷ್ಟೇ. ಅದು ‘ನೈಟ್ರಸ್ ಪೆಟ್ರೋಲ್’ ಅಲ್ಲ.

ಎಂಜಿನ್ ಯಾಕೆ ಕೆಡುತ್ತದೆ?

ಇಂದಿನ ಫ್ಯೂಯೆಲ್ ಇಂಜೆಕ್ಷನ್ ಕಾರಿನಲ್ಲಿ ಎಷ್ಟು ಗಾಳಿ ಬಂತು ಎಂದು ಸೆನ್ಸರ್ ಹೇಳುತ್ತದೆ. ಅದಕ್ಕೆ ತಕ್ಕಷ್ಟು ಪೆಟ್ರೋಲ್ ಚಿಮ್ಮಿಸುವಂತೆ ಇಸಿಯು ಎಂಬ ಪುಟ್ಟ ಕಂಪ್ಯೂಟರ್ ಇಂಜೆಕ್ಟರ್‌ಗೆ ಆದೇಶ ಕೊಡುತ್ತದೆ. ಹೊರಗಿನಿಂದ ತೂರಿಸಿದ ನೈಟ್ರಸ್ ಲೆಕ್ಕ ಇಸಿಯುಗೆ ಗೊತ್ತಿರುವುದಿಲ್ಲ. ಆಕ್ಸಿಜನ್ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದರೆ ಒಳಗಿನ ಬಿಸಿ ವಿಪರೀತ ಏರುತ್ತದೆ. ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುತ್ತದೆ, ಪಿಸ್ಟನ್ ಕರಗಿ ತೂತಾಗಬಹುದು.

ರೇಸಿನ ಕಾರುಗಳಲ್ಲಿ ಇದಕ್ಕಾಗಿಯೇ ಗಟ್ಟಿ ಪಿಸ್ಟನ್, ದೊಡ್ಡ ಇಂಜೆಕ್ಟರ್, ಬಲವಾದ ಪೆಟ್ರೋಲ್ ಪಂಪ್ ಇರುತ್ತವೆ. ಕಿಡಿ ಹೊತ್ತುವ ಸಮಯವನ್ನೂ ಬದಲಿಸಿರುತ್ತಾರೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ ನೈಟ್ರಸ್ ಬಿಡುತ್ತಾರೆ. ರೀಲ್ಸ್ ತೋರಿಸುವುದು ಬಟನ್ ಮಾತ್ರ, ಇದೆಲ್ಲ ಕಾಣುವುದಿಲ್ಲ.

ನಮ್ಮ ಬಿಸಿಲು ಲೆಕ್ಕದಲ್ಲಿದೆಯೇ?

ಬಾಟಲಿಯೊಳಗೆ ನೈಟ್ರಸ್ ದ್ರವವಾಗಿರುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲೇ ಅದರ ಒತ್ತಡ ವಾತಾವರಣದ ಒತ್ತಡದ ಸುಮಾರು 50 ಪಟ್ಟು, ಅಡುಗೆ ಗ್ಯಾಸ್ ಸಿಲಿಂಡರ್‌ಗಿಂತ ಹಲವು ಪಟ್ಟು ಹೆಚ್ಚು. 36.4 ಡಿಗ್ರಿ ದಾಟಿದರೆ ಅದು ದ್ರವವಾಗಿ ಉಳಿಯುವುದೇ ಇಲ್ಲ, ತುಂಬಿದ ಬಾಟಲಿಯಲ್ಲಿ ಒತ್ತಡ ಸರ್ರನೆ ಏರುತ್ತದೆ. ಬಾಗಲಕೋಟೆ ಜಿಲ್ಲೆಯ ಏಪ್ರಿಲ್–ಮೇ ಬಿಸಿಲು ಗೊತ್ತಿರುವವರಿಗೆ ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿ ಎಷ್ಟು ಕಾಯುತ್ತದೆ ಎಂದು ಹೇಳಬೇಕಿಲ್ಲ. ಒಳ್ಳೆಯ ಬಾಟಲಿಯಾದರೆ ಸುರಕ್ಷತಾ ಡಿಸ್ಕ್ ಒಡೆದು ಗ್ಯಾಸ್ ಹೊರಬರುತ್ತದೆ. ಮುಚ್ಚಿದ ಕಾರಿನಲ್ಲಿ ಅದೇ ಉಸಿರುಗಟ್ಟಿಸಬಹುದು. ಎಲ್ಲೋ ಸಿಕ್ಕ ಬಾಟಲಿಯಾದರೆ ಸಿಡಿಯುವ ಅಪಾಯವಿದೆ.

ಇದನ್ನು ಮೋಜಿಗೆಂದು ಮೂಸುವುದು ಇನ್ನೊಂದು ಅಪಾಯ. ಪದೇಪದೇ ಸೇವಿಸಿದರೆ ದೇಹದ ಬಿ12 ಜೀವಸತ್ವ ನಿಷ್ಕ್ರಿಯವಾಗಿ ನರಗಳಿಗೆ ಹಾನಿಯಾಗುತ್ತದೆ.

ಕಾನೂನು ಏನು ಹೇಳುತ್ತದೆ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ವಾಹನಗಳಿಗೆ ಜಮಖಂಡಿ ಆರ್‌ಟಿಒದ ಕೆಎ-48 ನಂಬರ್. ಆರ್‌ಸಿಯಲ್ಲಿರುವ ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅನುಮತಿಯಿಲ್ಲದ ಬದಲಾವಣೆಗೆ ಸೆಕ್ಷನ್ 182ಎ ಪ್ರಕಾರ ಮಾಲೀಕರಿಗೆ 6 ತಿಂಗಳವರೆಗೆ ಜೈಲು ಅಥವಾ ಪ್ರತಿ ಬದಲಾವಣೆಗೆ ₹5,000 ದಂಡ, ಅಥವಾ ಎರಡೂ. ರಸ್ತೆಯಲ್ಲಿ ರೇಸ್ ಮಾಡುವುದು ಸೆಕ್ಷನ್ 189ರಡಿ ಬೇರೆಯೇ ಅಪರಾಧ. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಬದಲಾವಣೆ ಅಪಘಾತದ ನಂತರ ಕ್ಲೇಮಿಗೂ ಅಡ್ಡ ಬರಬಹುದು.

ಕೊನೆಯ ಮಾತು

ನೈಟ್ರಸ್ ಎಂಜಿನ್ನಿಗೆ ಶಕ್ತಿ ಕೊಡುತ್ತದೆ, ಬ್ರೇಕಿಗೆ ಕೊಡುವುದಿಲ್ಲ. ಕಬ್ಬು ನುರಿಸುವ ಹಂಗಾಮಿನ ರಾತ್ರಿ, ಹಿಂದೆ ರಿಫ್ಲೆಕ್ಟರ್ ಇಲ್ಲದ ಕಬ್ಬಿನ ಟ್ರ್ಯಾಕ್ಟರ್ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಎಂದುಕೊಳ್ಳಿ. ಹಿಂದಿನಿಂದ 120ರಲ್ಲಿ ಬರುವ ಕಾರಿಗೆ 100 ಮೀಟರ್ ಅಂತರ 4 ಸೆಕೆಂಡಿಗೂ ಮೊದಲೇ ಮುಗಿದುಹೋಗುತ್ತದೆ. ಆ ಟ್ರೇಲರ್ ಪಕ್ಕದಲ್ಲಿ ಬೈಕಿನಲ್ಲಿ ಮನೆಗೆ ಹೊರಟ ನಮ್ಮವರೇ ಇರಬಹುದು.

ಆ ರೀಲ್ ನಿಮ್ಮ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಈ ಲೇಖನ ಕಳಿಸಿ.

ತೀರ್ಪು: ಶಕ್ತಿ ಹೆಚ್ಚುತ್ತದೆ ಎನ್ನುವುದು ಅರ್ಧ ಸತ್ಯ. ಮೈಲೇಜ್ ಹೆಚ್ಚುತ್ತದೆ ಎನ್ನುವುದು ಸುಳ್ಳು.