ಹತ್ತನೇ ತರಗತಿಯಲ್ಲೇ ತಿಳಿಸಬೇಕಾದ ವಿಷಯ

ಬೋಧನಾಭ್ಯಾಸದ ವೇಳೆ ಹತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಮಿಸ್, ಪಿಯುಸಿಯಲ್ಲಿ ಕಾಮರ್ಸ್ ತಗೊಂಡು ಆಮೇಲೆ ಕಂಪ್ಯೂಟರ್ ಇಂಜಿನಿಯರಿಂಗ್ ಓದಬಹುದಾ?"

ಸಿಇಟಿ ಮೂಲಕ ಬಿಇ ಸೇರಲು ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಕಡ್ಡಾಯ. ಗಣಕ ವಿಜ್ಞಾನ ಓದಿರಲೇಬೇಕೆಂದಿಲ್ಲ. ಪ್ರೋಗ್ರಾಮಿಂಗನ್ನು ಪದವಿಯಲ್ಲಿ ಮೊದಲಿನಿಂದ ಕಲಿಸುತ್ತಾರೆ. ಮಾತೃಕೆ, ಸಂಭವನೀಯತೆ ಮುಂದೆ ಬೇಕಾಗುವುದರಿಂದ ಗಣಿತದ ಷರತ್ತು ಸಕಾರಣವೇ. ಆದರೆ ಆಕೆಯ ಊರಿನ ಪದವಿಪೂರ್ವ ಕಾಲೇಜಿನಲ್ಲಿ ವಿಜ್ಞಾನ ವಿಭಾಗವೇ ಇಲ್ಲ. ಷರತ್ತು ಎಲ್ಲರಿಗೂ ಒಂದೇ ಆದರೂ ಅದನ್ನು ಪೂರೈಸುವ ಅವಕಾಶ ಎಲ್ಲರಿಗೂ ಸಮನಾಗಿಲ್ಲ, ಅನ್ಯಾಯವಾಗುವುದು ಇಲ್ಲಿ.

ಎಸ್ಸೆಸ್ಸೆಲ್ಸಿ ನಂತರ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ಸೇರುವ ದಾರಿಯೂ ಇದೆ. ಅದನ್ನು ಹೇಳಿದಾಗ ಆಕೆ ನೋಟ್‌ಬುಕ್‌ನಲ್ಲಿ ಬರೆದುಕೊಂಡಳು. ವಿಷಯ ಆಯ್ಕೆಗೆ ಮುನ್ನ ಇದಕ್ಕೊಂದು ಅವಧಿ ಮೀಸಲಿಡುವುದು ಶಿಕ್ಷಕರಾದ ನಮ್ಮ ಕೈಯಲ್ಲಿದೆ.